ಎರಡು ಅಂತಸ್ತಿನ ಮನೆಗೆ ಬಣ್ಣ: ಏಣಿ ಸಾಕಾ, ಸಾರುವೆ ಕಟ್ಟಿಸಬೇಕಾ?

ಪ್ರಶ್ನೆ (ಮನೆಯೊಡತಿ, ತುಮಕೂರು): ನಮ್ಮದು 30×40 ಸೈಟಿನಲ್ಲಿರುವ ಮನೆ. ನೆಲಮಹಡಿ, ಅದರ ಮೇಲೊಂದು ಮಹಡಿ. ಪ್ಯಾರಾಪೆಟ್ ತುದಿಗೆ ಸುಮಾರು 24 ಅಡಿ. ದೀಪಾವಳಿಗೆ ಮುಂಚೆ ಹೊರಗೋಡೆಗೆ ಬಣ್ಣ ಹೊಡೆಸಬೇಕು. ಒಬ್ಬ ಪೇಂಟರ್ ಸಾರುವೆ ಕಟ್ಟಲೇಬೇಕು, ಅದರ ಖರ್ಚು ಬೇರೆ ಎಂದರು. ಇನ್ನೊಬ್ಬರು "ಏಣಿಯಲ್ಲೇ ಮುಗಿಸ್ತೀವಿ ಮೇಡಂ, ಸುಮ್ನೆ ಯಾಕೆ ದುಡ್ಡು" ಎಂದರು. ಯಾರ ಮಾತು ಕೇಳಲಿ? ಮನೆ ಮುಂದೆ ಕರೆಂಟ್ ಲೈನ್ ಬೇರೆ ಹಾದು ಹೋಗಿದೆ.

ಉತ್ತರ (ಪೇಂಟಿಂಗ್ ಮೇಸ್ತ್ರಿ): ಸಾರುವೆ ಎಂದವರ ಮಾತು ಕೇಳಿ ಮೇಡಂ. ಕಾರಣ ನಿಮ್ಮ ಸೈಟಿನಲ್ಲೇ ಇದೆ. ಏಣಿ ಎಷ್ಟು ಎತ್ತರಕ್ಕೆ ಒರಗುತ್ತದೋ ಅದರ ಕಾಲು ಭಾಗದಷ್ಟು ದೂರ ಅದರ ಬುಡ ಗೋಡೆಯಿಂದ ಹೊರಗಿರಬೇಕು. 24 ಅಡಿಗೆ 6 ಅಡಿ. ನಿಮ್ಮ ಮನೆಗೂ ಕಾಂಪೌಂಡಿಗೂ ಮಧ್ಯೆ 3 ಅಡಿ ಜಾಗ ಇದ್ದರೆ ಹೆಚ್ಚು. ಅಲ್ಲಿ ಏಣಿ ನೆಟ್ಟಗೆ ನಿಲ್ಲುತ್ತದೆ. ಮೇಲೆ ಹೋದವನು ರೋಲರ್ ಒತ್ತಿದರೆ ಸಾಕು, ಏಣಿ ಹಿಂದಕ್ಕೆ ಬರುತ್ತದೆ.

ಇನ್ನೊಂದು ಮಾತು. ಏಣಿ ಇರುವುದು ಹತ್ತಿ ಇಳಿಯಲು. ಅದರ ಮೇಲೆ ದಿನವಿಡೀ ನಿಂತು ಕೆಲಸ ಮಾಡಲು ಅಲ್ಲ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ರೋಲರ್. ಏಣಿ ಹಿಡಿಯಲು ಕೈ ಎಲ್ಲಿದೆ? ಇಳಿದು ಏಣಿ ಸರಿಸುವ ಬದಲು "ಇನ್ನೊಂದು ಗೇಣು ಅಷ್ಟೇ" ಎಂದು ಪಕ್ಕಕ್ಕೆ ವಾಲುತ್ತಾರೆ. ನಾನು ನೋಡಿದವರಲ್ಲಿ ಜಾಸ್ತಿ ಜನ ಬಿದ್ದದ್ದು ಆ ಗೇಣಿನಲ್ಲೇ.

ಸಾರುವೆ ಖರ್ಚನ್ನು ಕೊಟೇಷನ್‌ನಲ್ಲಿ ಬೇರೆ ಸಾಲಾಗಿ ಬರೆಸಿ. ಚದರಡಿ ರೇಟಿನೊಳಗೆ ಸೇರಿಸಿದರೆ, ಚೌಕಾಸಿ ಶುರುವಾದಾಗ ಮೊದಲು ಕೈಬಿಡುವುದು ಅದನ್ನೇ.

ಇನ್ನು ಕರೆಂಟ್ ಲೈನ್. ಮನೆಗಳಿಗೆ ಬರುವ ಲೈನ್ ಇರಲಿ, 11 ಸಾವಿರ ವೋಲ್ಟಿನ ಲೈನ್ ಇರಲಿ, ಕಟ್ಟಡದಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಅಂದರೆ 4 ಅಡಿ ದೂರ ಇರಬೇಕೆಂದು ನಿಯಮವಿದೆ. ಆದರೆ ಸಾರುವೆಯೇ ಗೋಡೆಯಿಂದ 3 ಅಡಿ ಹೊರಗೆ ಬರುತ್ತದೆ. ಉಳಿಯುವುದು ಒಂದಡಿ. ಅಲ್ಯೂಮಿನಿಯಂ ಏಣಿ, ರೋಲರಿನ ಕಬ್ಬಿಣದ ಕೋಲು, ಮಳೆಯಲ್ಲಿ ನೆಂದ ಬಿದಿರು, ಎಲ್ಲದರಲ್ಲೂ ಕರೆಂಟ್ ಹರಿಯುತ್ತದೆ. ತಂತಿಗೆ ಪೈಪ್ ಸೀಳಿ ತೊಡಿಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. 11 ಸಾವಿರದ ಲೈನಿಗೆ ಅದು ಲೆಕ್ಕಕ್ಕೇ ಇಲ್ಲ. ಮೊದಲೇ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಆ ಬದಿಯ ಕೆಲಸ ಇರುವ ದಿನ ಲೈನ್ ಆಫ್ ಮಾಡಿಸಿಕೊಳ್ಳಿ. ಅವರ ಸಹಾಯವಾಣಿ 1912.

ಪ್ರಶ್ನೆ (ಪೇಂಟರ್, ಹಾಸನ): ಅಣ್ಣಾ, ಮನೆ ಒಳಗೆ ಮೆಟ್ಟಿಲ ಹತ್ತಿರದ ಗೋಡೆಗೆ ಏನು ಮಾಡೋದು? ಏಣಿಯ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗೆ. ನಾವು ಇಟ್ಟಿಗೆ ಕೊಟ್ಟು ಸಮ ಮಾಡ್ತೀವಿ.

ಉತ್ತರ: ತಮ್ಮಾ, ಆ ಇಟ್ಟಿಗೆಯಿಂದಲೇ ನನ್ನ ಹಿಮ್ಮಡಿ ಮೂಳೆ ಮುರಿದದ್ದು. ಸುಮಾರು 9 ಅಡಿ ಮೇಲಿದ್ದೆ. ಪುಟ್ಟಿ ಉಜ್ಜುತ್ತಿದ್ದೆ. ಉಜ್ಜುವಾಗ ಏಣಿ ಅಲುಗಾಡುತ್ತದಲ್ವಾ, ಇಟ್ಟಿಗೆ ಸ್ವಲ್ಪ ಸ್ವಲ್ಪವೇ ಜರುಗಿದ್ದು ಗೊತ್ತೇ ಆಗಲಿಲ್ಲ. ಟೈಲ್ಸ್ ಮೇಲೆ ಬಿದ್ದ ಎಮರಿ ಧೂಳು ಬೇರೆ ಜಾರುತ್ತಿತ್ತು. ನಾಲ್ಕು ತಿಂಗಳು ಕೆಲಸವಿಲ್ಲ. ಚಳಿಗಾಲದಲ್ಲಿ ಈಗಲೂ ಬೆಳಿಗ್ಗೆ ಎದ್ದು ಕಾಲೂರಲು ಹೊತ್ತು ಬೇಕು.

ಈಗ ನಾನು ಹೀಗೆ ಮಾಡುತ್ತೇನೆ. ಮೇಲಿನ ಲ್ಯಾಂಡಿಂಗ್ ಮೇಲೆ ಮಡಚುವ ಏಣಿಯನ್ನು ಪೂರ್ತಿ ಬಿಚ್ಚಿ ನಿಲ್ಲಿಸುತ್ತೇನೆ. ಕೆಳಗಿನ ಕಡೆ ಒಂದು ಗಟ್ಟಿ ಏಣಿಯ ಬುಡವನ್ನು ಮೆಟ್ಟಿಲಿನ ಮೂಲೆಗೆ ಕೊಟ್ಟು, ತಲೆಯನ್ನು ಎದುರು ಗೋಡೆಗೆ ಒರಗಿಸಿ ಕಟ್ಟುತ್ತೇನೆ. ಎರಡರ ಮಧ್ಯೆ ಎರಡು ಹಲಗೆ ಜೋಡಿಸಿ, ಎರಡೂ ತುದಿ ಬಿಗಿಯುತ್ತೇನೆ. ಕಟ್ಟಲು ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಸಮ ನೆಲದ ಮೇಲೆ ನಿಂತಂತೆ ಕೆಲಸ ಮಾಡಬಹುದು. ಹಲಗೆ ನೆಲದಿಂದ 6 ಅಡಿಗಿಂತ ಮೇಲೆ ಬಂದರೆ ಇದೂ ಬೇಡ, ಕೆಳಗಿನಿಂದ ಪೈಪ್ ಸಾರುವೆಯನ್ನೇ ಎಬ್ಬಿಸು. ಮಡಚುವ ಏಣಿಯ ತುತ್ತತುದಿಯಲ್ಲಿ ನಿಲ್ಲಲೇಬೇಡ. ಡ್ರಮ್ಮಿನ ಮೇಲೆ ಸ್ಟೂಲ್ ಇಡುವುದಂತೂ ಬೇಡವೇ ಬೇಡ.

ಪ್ರಶ್ನೆ (ಅದೇ ಪೇಂಟರ್): ಹೊರಗಿನ ಕೆಲಸಕ್ಕೆ ಬೆಲ್ಟ್ ಕೊಟ್ಟಿದ್ದಾರೆ ಅಣ್ಣಾ. ಕೊಕ್ಕೆ ಎಲ್ಲಿಗೆ ಹಾಕಲಿ? ಕಿಟಕಿ ಗ್ರಿಲ್‌ಗೆ ಹಾಕ್ತಿದ್ದೀನಿ.

ಉತ್ತರ: ಗ್ರಿಲ್‌ಗೆ ಬೇಡ. ನಾಲ್ಕು ಸ್ಕ್ರೂ ಮೇಲೆ ನಿಂತಿರುವುದು ಅದು, ನೀನು ಬಿದ್ದ ರಭಸಕ್ಕೆ ಕಿತ್ತು ಬರುತ್ತದೆ. ನೀರಿನ ಪೈಪು, ಡಿಶ್ ಆಂಟೆನಾ, ಇಟ್ಟಿಗೆಯ ಪ್ಯಾರಾಪೆಟ್ ಕೂಡ ಬೇಡ. ಟೆರೇಸ್ ಮೇಲೆ ಟ್ಯಾಂಕ್ ನಿಂತಿರುವ ಕಾಂಕ್ರೀಟ್ ಕಂಬ ಇದ್ದರೆ ಅದಕ್ಕೆ ದಪ್ಪ ಹಗ್ಗ ಸುತ್ತಿ ಕಟ್ಟು. ಹಗ್ಗ ಪ್ಯಾರಾಪೆಟ್ ಅಂಚಿಗೆ ಉಜ್ಜುವ ಕಡೆ ಗೋಣಿಚೀಲ ಮಡಚಿ ಇಡು. ಜೂಲಾದಲ್ಲಿ, ಅಂದರೆ ಹಗ್ಗಕ್ಕೆ ತೂಗುಹಾಕಿದ ಹಲಗೆಯಲ್ಲಿ ಕೂತು ಇಳಿಯುವ ಕೆಲಸವಾದರೆ ಜೂಲಾ ಹಗ್ಗ ಬೇರೆ, ಬೆಲ್ಟಿನ ಹಗ್ಗ ಬೇರೆ ಇರಬೇಕು. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಬೇಡ.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಆಗಿದ್ದರೆ ವಾಪಸ್ ಕೊಡು. ಬಿದ್ದಾಗ ಬೆನ್ನು, ಹೊಟ್ಟೆ ಎರಡೂ ಕೆಡುತ್ತವೆ. ಭುಜಕ್ಕೂ ತೊಡೆಗೂ ಪಟ್ಟಿ ಇರುವುದು ಕೇಳು. ಅದರ ಮೇಲೆ ಐಎಸ್ 3521 ಎಂದಿರಬೇಕು. ಬೆಲ್ಟ್ ಹಾಕಿದ ತಕ್ಷಣ ಎಲ್ಲ ಎತ್ತರದಲ್ಲೂ ಕ್ಷೇಮ ಎಂದುಕೊಳ್ಳಬೇಡ. ಅದರ ಹಗ್ಗ 6 ಅಡಿ. ಬಿದ್ದ ರಭಸ ತಗ್ಗಿಸಲು ಅದರಲ್ಲಿ ಮಡಚಿ ಹೊಲಿದಿರುವ ಪಟ್ಟಿ (ಶಾಕ್ ಅಬ್ಸಾರ್ಬರ್) ಬಿಚ್ಚಿಕೊಂಡರೆ ಇನ್ನೂ ಮೂರು ನಾಲ್ಕು ಅಡಿ. ಅದರ ಕೆಳಗೆ ನಿನ್ನ ಮೈ. ಕೊಕ್ಕೆಯಿಂದ ನೆಲಕ್ಕೆ 18 ಅಡಿಯಾದರೂ ಬೇಕು. 10 ಅಡಿಯಲ್ಲಿ ಕೊಕ್ಕೆ ಹಾಕಿ ಬಿದ್ದರೆ, ಹಗ್ಗ ಬಿಗಿಯುವ ಮೊದಲೇ ನೆಲ ಸಿಗುತ್ತದೆ. ಅಲ್ಲಿ ನಿನ್ನನ್ನು ಕಾಯುವುದು ಸಾರುವೆಯ ಕಟಕಟೆ.

ನಿನ್ನ ಹತ್ತಿರ ಲೇಬರ್ ಕಾರ್ಡ್ ಇದೆಯಾ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಪೇಂಟರ್‌ಗಳಿಗೂ ನೋಂದಣಿ ಇದೆ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ನಾನು ಬಿದ್ದಾಗ ನನ್ನದು ಆಗಿರಲಿಲ್ಲ. ಈ ವಾರವೇ ಮಾಡಿಸು.

ಪ್ರಶ್ನೆ (ಮನೆಯೊಡತಿ): ಸಾರುವೆಯವರಿಗೇ ಕೆಲಸ ಒಪ್ಪಿಸಿದೆ. ಕಟ್ಟಿದ ಮೇಲೆ ನಾನು ಏನೇನು ನೋಡಬೇಕು?

ಉತ್ತರ: ತುಂಬಾ ಒಳ್ಳೆಯದು ಮಾಡಿದಿರಿ. ಮೊದಲು ಬುಡ ನೋಡಿ. ಕಂಬಗಳು ಮೆತ್ತನೆ ಮಣ್ಣಿನ ಮೇಲೆ, ಸಂಪಿನ ಮುಚ್ಚಳದ ಮೇಲೆ, ಚೇಂಬರ್ ಕಲ್ಲಿನ ಮೇಲೆ ನಿಂತಿರಬಾರದು. ಕೆಳಗೆ ಹಲಗೆ ಕೊಟ್ಟಿರಬೇಕು. ಆಮೇಲೆ ಸಾರುವೆಯನ್ನು ಮನೆಗೆ ಹೇಗೆ ಕಟ್ಟಿದ್ದಾರೆ ನೋಡಿ. ಗ್ರಿಲ್ ಇಲ್ಲದ ಕಿಟಕಿ ಅಥವಾ ಬಾಲ್ಕನಿ ಬಾಗಿಲಿನ ಒಳಗಡೆ ಅಡ್ಡಕ್ಕೊಂದು ಕಂಬ ಕೊಟ್ಟು, ಅದಕ್ಕೆ ಹೊರಗಿನ ಸಾರುವೆ ಬಿಗಿದರೆ ಗಟ್ಟಿ. ನಿಲ್ಲುವ ಕಡೆ ಒಂಟಿ ಹಲಗೆ ಬೇಡ, ಜೋಡಿ ಹಲಗೆ ಹಾಕಿ ಎರಡೂ ತುದಿ ಕಟ್ಟಿರಬೇಕು. ಸೊಂಟದೆತ್ತರಕ್ಕೆ ಅಡ್ಡ ಕಂಬ ಇರಲಿ, ಬರೀ ಹಗ್ಗ ಸಾಲದು. ಸರ್ವೆ ಮರದ ಕಂಬವಾದರೆ ಸೀಳು, ಹುಳು ತಿಂದ ತೂತು ನೋಡಿ. ತೆಂಗಿನ ನಾರಿನ ಹಗ್ಗ ಹೊಸದಾಗಿರಲಿ. ಸುಣ್ಣ, ಆಸಿಡ್ ತಾಗಿದ ಹಳೆ ಹಗ್ಗ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ವ ಇರುವುದಿಲ್ಲ.

ಸಜ್ಜಾ ಮೇಲೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಹಳೆ ಮನೆಯ ಸಜ್ಜಾ ಒಳಗಿನ ಕಂಬಿ ತುಕ್ಕು ಹಿಡಿದಿರುತ್ತದೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಮೇಸ್ತ್ರಿ ಪ್ರತಿ ಗಂಟನ್ನೂ ಮುಟ್ಟಿ ನೋಡಿದ ಮೇಲೆಯೇ ಯಾರಾದರೂ ಹತ್ತಲಿ. ಆ ದಿನ ಒಂದು ಗಂಟೆ ತಡವಾಗಿ ಶುರು ಮಾಡಿದರೆ ಅವರನ್ನು ಅವಸರ ಮಾಡಬೇಡಿ.