ಎಲ್ಡನ್ ರಿಂಗ್: ನಾಲ್ಕನೇ ತಾಲಿಸ್ಮನ್ ಯಾವುದು ಹಾಕಲಿ? ಮಲೇನಿಯಾ ಸಾಯ್ತಾನೇ ಇಲ್ಲ

ನವನಗರದ ಸಮುರಾಯ್, ಬಾಗಲಕೋಟೆ

ಹಗಲೆಲ್ಲ ಝೆರಾಕ್ಸ್ ಅಂಗಡಿ. ಷಟರ್ ಎಳೆದು, ರೊಟ್ಟಿ ತಿಂದು, ರಾತ್ರಿ ಹತ್ತಕ್ಕೆ ಎಲ್ಡನ್ ರಿಂಗ್ ವಿಡಿಯೋ ಗೇಮ್ ಆಟಕ್ಕೆ ಕೂರುತ್ತೇನೆ. ಹನ್ನೆರಡು ದಿನ ಆಯಿತು, ಮಲೇನಿಯಾ ಅನ್ನೋ ಬಾಸ್ ಶತ್ರು ಮುಂದೆಯೇ ಇದ್ದೇನೆ. ಮೊನ್ನೆ ಎರಡನೇ ಹಂತದಲ್ಲಿ ಅವಳಿಗೆ ಬೆರಳಗಲ ಜೀವ ಉಳಿದಿತ್ತು. ಕರೆಂಟ್ ಹೋಯ್ತು. ಇರಲಿ ಬಿಡಿ.

ಎರಡೂ ಕೈಯಲ್ಲಿ ಉಚಿಗತಾನ ಕತ್ತಿ, ಹಾರಿ ಹೊಡೆಯುವುದೇ ನನ್ನ ಆಟ. ತಾಲಿಸ್ಮನ್ ಅಂದರೆ ಬಲ ಕೊಡುವ ತಾಯಿತ, ನಾಲ್ಕು ಹಾಕಬಹುದು. ಮೂರು ಗಟ್ಟಿಯಾಗಿವೆ. ಹಾರಿ ಹೊಡೆದರೆ ಏಟಿಗೆ 15% ಹೆಚ್ಚು ಬಲ ಕೊಡುವ ಕ್ಲಾ. ಹತ್ತಿರ ಯಾರಿಗಾದರೂ ರಕ್ತ ಚಿಮ್ಮಿದರೆ 20 ಸೆಕೆಂಡ್ 20% ಕೊಡುವ ಲಾರ್ಡ್ ಆಫ್ ಬ್ಲಡ್ಸ್ ಎಕ್ಸಲ್ಟೇಶನ್. ಬಿಡದೆ ಹೊಡೆದರೆ 13% ತನಕ ಏರುವ ರಾಟನ್ ವಿಂಗ್ಡ್ ಸ್ವೋರ್ಡ್.

ನಾಲ್ಕನೆಯದಕ್ಕೆ ತಲೆಬಿಸಿ. ರಿಚುವಲ್ ಸ್ವೋರ್ಡ್ 10% ಕೊಡುತ್ತದೆ, ಆದರೆ ನನ್ನ ಜೀವ ಪೂರ್ತಿ ಇರಬೇಕು. ನನ್ನ ಜೀವ ಪೂರ್ತಿ ಇರುವುದು ಬಾಗಿಲು ದಾಟುವಾಗ ಮಾತ್ರ. ಇನ್ನೊಂದು ರಾಡಗಾನ್‌ನ ಸೋರ್‌ಸೀಲ್: ವಿಗರ್ (ಜೀವ), ಎಂಡ್ಯೂರೆನ್ಸ್ (ದಮ್ಮು), ಸ್ಟ್ರೆಂತ್ (ಬಲ), ಡೆಕ್ಸ್ (ಚುರುಕು) ನಾಲ್ಕೂ 5 ಏರುತ್ತವೆ, ತಿನ್ನುವ ಏಟು 15% ಜಾಸ್ತಿ. ನನ್ನ ವಿಗರ್ 40. ಯಾವುದು ಹಾಕಲಿ?

ಗುಮ್ಮಟದೂರು, ವಿಜಯಪುರ

ಎರಡೂ ಬೇಡ್ರೀ. ಸೋರ್‌ಸೀಲ್ ಆಟದ ಶುರುವಿಗೆ ಬಂಗಾರ, ಈಗಲ್ಲ. ವಿಗರ್ 40ಕ್ಕೆ ಜೀವ 1450, 60ಕ್ಕೆ 1900. ಐದು ಪಾಯಿಂಟ್‌ಗೆ ನೂರಾ ಚಿಲ್ಲರೆ ಸಿಗುತ್ತದೆ, ಅಷ್ಟೇ. ಅದಕ್ಕೆ 15% ಜಾಸ್ತಿ ಏಟು ತಿನ್ನೋದು ಯಾವ ಲೆಕ್ಕ?

ಇನ್ನೊಂದು ವಿಷಯ. ನಿಮ್ಮ ಮೂರು ತಾಲಿಸ್ಮನ್ ಬಲ ಕೂಡುವುದಿಲ್ಲ, ಗುಣಿಸುತ್ತವೆ. 20, 15, 13 ಕೂಡಿದರೆ 48. ಆದರೆ 1.2 × 1.15 × 1.13 ಮಾಡಿ ನೋಡಿ, ಹತ್ತಿರ ಹತ್ತಿರ 1.56. ಮೂರೂ ಪೂರ್ತಿ ಏರಿದಾಗ 500ರ ಏಟು 780 ಆಗುತ್ತದೆ. ನಿಮಗೆ ಹೊಡೆತಕ್ಕೆ ಕೊರತೆಯಿಲ್ಲ.

ಆದರೂ ಆಸೆಯಿದ್ದರೆ ಆ 10% ಅನ್ನು ತಲೆಗೆ ಹಾಕಿ. ಮೊಗ್ವಿನ್ ಅರಮನೆ ಹತ್ತಿರ ರಕ್ತದ ಕೆರೆಯಲ್ಲಿ ಬಿಳಿ ಮುಖವಾಡದವರು ನುಗ್ಗಿ ಬರುತ್ತಾರಲ್ಲ, ಅವರಿಂದ ವೈಟ್ ಮಾಸ್ಕ್ ಸಿಗುತ್ತದೆ. ರಕ್ತ ಚಿಮ್ಮಿದರೆ 20 ಸೆಕೆಂಡ್ 10%. ತಾಲಿಸ್ಮನ್ ಜಾಗ ಖಾಲಿ ಉಳಿಯಿತು ನೋಡಿ. ಅಲ್ಲಿಗೆ ಡ್ರ್ಯಾಗನ್‌ಕ್ರೆಸ್ಟ್ ಗ್ರೇಟ್‌ಶೀಲ್ಡ್ ಹಾಕಿ. ಕತ್ತಿ ಏಟು 20% ಕಡಿಮೆ. ಅದು ಎಲ್ಫಾಯೆಲ್‌ನಲ್ಲೇ ಪೆಟ್ಟಿಗೆಯಲ್ಲಿದೆ, ಮಲೇನಿಯಾ ಹತ್ತಿರ ಹೋಗುವ ದಾರಿಯಲ್ಲಿ. ನೀವು ಓಡಿ ದಾಟಿರಬೇಕು.

ಕುಂದಾ ಪ್ರೇಮಿ, ಬೆಳಗಾವಿ

ರೆಡ್ ಫೆದರ್ಡ್ ಬ್ರಾಂಚ್‌ಸ್ವೋರ್ಡ್ ಹಾಕು ದೋಸ್ತ. ಜೀವ ಐದನೇ ಒಂದು ಪಾಲಿಗೆ ಇಳಿದರೆ 20%. ನೀನು ಹೇಗೂ ಅಲ್ಲೇ ಇರ್ತೀಯಲ್ಲ.

ನವನಗರದ ಸಮುರಾಯ್

ಕುಂದಾ ಅಣ್ಣಾ, ಹಾಕಿ ನೋಡಿದೆ. ಅವಳ ಆ ಗಾಳಿಯಲ್ಲಿ ತೇಲಿ ಕೊಯ್ಯುವ ಏಟಿಗೆ ಐದನೇ ಒಂದು ಪಾಲೂ ಉಳಿಯುವುದಿಲ್ಲ, ನೇರ ಸೊನ್ನೆ.

ಗುಮ್ಮಟದವರೇ, ಓಡಿಯೇ ದಾಟಿದ್ದೆ. ವಾಪಸ್ ಹೋಗಿ ಪೆಟ್ಟಿಗೆ ತೆಗೆದೆ. ಮುಖವಾಡವೂ ಬಂತು. ತಂಗಿ ಪರದೆ ನೋಡಿ, "ಇವನ್ಯಾರು, ಆಪರೇಷನ್ ಅರ್ಧಕ್ಕೆ ಬಿಟ್ಟು ಬಂದಿದಾನಾ?" ಅಂದಳು. ನಿನ್ನೆ ಮೂರು ಸಲ ಎರಡನೇ ಹಂತ ಮುಟ್ಟಿದೆ, ಅದೂ ಎರಡು ಔಷಧಿ ಬಾಟಲಿ ಉಳಿಸಿಕೊಂಡು. ಇವತ್ತು ಪಕ್ಕದ ಅಂಗಡಿಯವನ ಯುಪಿಎಸ್ ಕೇಳಿ ತಂದಿದ್ದೇನೆ.