2019ರ ಸ್ವಿಫ್ಟ್‌ಗೆ ಐದು ಅರವತ್ತು: ಕೊಡಬಹುದಾ?

ಹುಣಸೂರು ರೋಡ್: ಮೈಸೂರಲ್ಲಿ ಒಂದು ಸ್ವಿಫ್ಟ್ ವಿಎಕ್ಸ್‌ಐ ನೋಡಿದೀನಿ. 2019ರ ಪೆಟ್ರೋಲ್ ಗಾಡಿ, ಸಿಂಗಲ್ ಓನರ್, ಮೀಟರಲ್ಲಿ 38,000 ಕಿ.ಮೀ. ಕೇಳ್ತಿರೋದು 5.60 ಲಕ್ಷ. ಮನೇಲಿ ಎಲ್ರಿಗೂ ಬಣ್ಣ ಹಿಡಿಸಿಬಿಟ್ಟಿದೆ. ಟೋಕನ್ ಕೊಡೋ ಮುಂಚೆ ನಿಮ್ಮನ್ನ ಕೇಳೋಣ ಅಂತ.

ಗ್ಯಾರೇಜ್ ಮಾಮ: ಮೊದಲು ಹೊಸದರ ರೇಟ್ ನೋಡಿ ಸರ್. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿನ ತೆರಿಗೆ 29ರಿಂದ 18 ಪರ್ಸೆಂಟ್‌ಗೆ ಇಳೀತು. ನಾಲ್ಕು ಮೀಟರ್ ಒಳಗೆ, 1200 ಸಿಸಿ ಒಳಗೆ ಇರಬೇಕು, ಸ್ವಿಫ್ಟ್ 1197. ಹೊಸದೇ ಇಳಿದ ಮೇಲೆ ಹಳೇದು ಹಳೇ ರೇಟಲ್ಲೇ ಕೂತಿರುತ್ತಾ? ಮಾರೋರು ಇನ್ನೂ ಅದಕ್ಕೆ ಮುಂಚಿನ ಲೆಕ್ಕದಲ್ಲೇ ಇದಾರೆ.

ಕುಡ್ಲದಾಯೆ: ಹಾಗೆ ಹೇಳಿದ್ರೆ ಹೇಗೆ ಮಾರಾಯ್ರೇ? ಹೊಸದಕ್ಕೆ ಶೋರೂಮ್ ರೇಟಿನ ಮೇಲೆ ಲೈಫ್ ಟ್ಯಾಕ್ಸ್ ಉಂಟಲ್ಲ, 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, ಅದಕ್ಕೆ ಸೆಸ್ ಬೇರೆ. ಇದಕ್ಕೆ ಅದೆಲ್ಲ ಕಟ್ಟಿ ಆಗಿದೆ, ಆರ್‌ಸಿ 2034ರವರೆಗೆ ಉಂಟು. ಮಾರುವವನು ಅದರ ದುಡ್ಡು ಕೇಳುದು ತಪ್ಪಾ?

ಧಾರವಾಡದಾಂವ: ಇನ್ಶೂರೆನ್ಸ್ ಪೇಪರ್‌ನ್ಯಾಗ ಐಡಿವಿ, ಅಂದ್ರ ಇನ್ಶೂರೆನ್ಸ್‌ನವರು ಗಾಡಿಗೆ ಹಿಡದ ಬೆಲೆ, ಎಷ್ಟ ಅದ ನೋಡ್ರಿ. ಅಷ್ಟ ಕೊಡ್ರಿ, ಮುಗೀತು.

ಗ್ಯಾರೇಜ್ ಮಾಮ: ಐಡಿವಿಗೆ ಎಷ್ಟು ಕಳೀಬೇಕು ಅಂತ ಐದು ವರ್ಷದವರೆಗೆ ಮಾತ್ರ ಪಟ್ಟಿ ಇರೋದು, ಅಷ್ಟೊತ್ತಿಗೆ ಅರ್ಧ ಕಳೆದಿರ್ತಾರೆ. ಆಮೇಲೆ ಕಂಪನಿಯೋರೂ ಓನರೂ ಒಪ್ಪಿದ್ದೇ ಲೆಕ್ಕ. ಪ್ರೀಮಿಯಂ ಉಳಿಸೋಕೆ ಕಮ್ಮಿ ಬರೆಸೋರೂ ಇದಾರೆ. ನಾನು ಆ ಪೇಪರ್ ನೋಡೋದು ನೋ ಕ್ಲೇಮ್ ಬೋನಸ್‌ಗೆ, ಕ್ಲೇಮ್ ಮಾಡದೆ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ ಅದು. ಸೊನ್ನೆ ಇದ್ರೆ ಎಲ್ಲಿ ಗುದ್ದಿದ್ರಿ ಅಂತ ಕೇಳಬೇಕು. (ಆ ಬೋನಸ್ ನಿಮಗೆ ಬರಲ್ಲ, ಹಳೇ ಓನರ್‌ದು ಅದು.) ಟೈರ್ ಪಕ್ಕದಲ್ಲಿ ಡಾಟ್ (DOT) ಅಂತ ಇರೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, ನೋಡಿ ಹೇಳಿ.

ಹುಣಸೂರು ರೋಡ್: ನಾಲ್ಕೂ 1422. ಸ್ಟೆಪ್ನಿ 0619.

ಗ್ಯಾರೇಜ್ ಮಾಮ: ಸ್ಟೆಪ್ನಿ ಗಾಡಿ ಜೊತೆ ಬಂದಿದ್ದು. ಉಳಿದವು 2022ರ ಹದಿನಾಲ್ಕನೇ ವಾರದ್ದು. ಈ ಮೀಟರ್ ನಿಜ ಆಗಿದ್ರೆ ವರ್ಷಕ್ಕೆ ಐದಾರು ಸಾವಿರ ಓಡಿರೋ ಗಾಡಿ. 2022ಕ್ಕೆ ಹದಿನೆಂಟು ಸಾವಿರನೂ ದಾಟಿರಲ್ಲ. ಅಷ್ಟಕ್ಕೇ ನಾಲ್ಕೂ ಟೈರ್ ಸವೆಯುತ್ತಾ?

ಕುಡ್ಲದಾಯೆ: ಲಾಕ್‌ಡೌನಲ್ಲಿ ಬಿಸಿಲಿಗೆ ನಿಂತು ಬಿರುಕು ಬಿಟ್ಟಿರ್ಬಹುದು. ನನ್ನದಕ್ಕೆ ಹಾಗೇ ಆಗಿತ್ತು. ನಾಲ್ಕು ಅಂಕಿ ನೋಡಿ ಮನುಷ್ಯನನ್ನು ಕಳ್ಳ ಮಾಡ್ಬೇಡಿ.

ಗ್ಯಾರೇಜ್ ಮಾಮ: ಕಳ್ಳ ಅಂದಿಲ್ಲ, ಅನುಮಾನ ಅಂದೆ. ಬ್ರೇಕ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಅಂಚು ನೋಡಿ. ಆಮೇಲೆ ಓನರನ್ನ ಕರ್ಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ. ಗಾಡಿ ನಂಬರ್ ಹಾಕಿದ್ರೆ ಯಾವತ್ತು ಎಷ್ಟು ಓಡಿತ್ತು ಅಂತ ಸಿಗುತ್ತೆ.

ರಿಂಗ್ ರೋಡ್ ರಾಜ: ಯಾಕ್ ಗುರು ಇಷ್ಟೆಲ್ಲ? ದೆಹಲಿಯಿಂದ ತರ್ಸು. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷ ಅಂತ ಗಡುವು ಹಾಕಿದ್ರಲ್ಲ, ಆಗಿಂದ ಅಗ್ಗಕ್ಕೆ ಬಿಡ್ತಾರೆ.

ಧಾರವಾಡದಾಂವ: ನಮ್ಮ ಕಾಕಾ ತಂದಿದ್ರು. ಎನ್‌ಒಸಿ, ಅಂದ್ರ ಗಾಡಿ ಬ್ಯಾರೆ ಕಡೆ ಒಯ್ಯಾಕ ಅಲ್ಲಿನ ಆರ್‌ಟಿಒ ಒಪ್ಪಿಗೆ ಪತ್ರ, ಬರೂದ್ರಾಗ ಎರಡು ತಿಂಗಳಾತು, ಇಲ್ಲಿ ಆರ್‌ಟಿಒದಾಗ ಮತ್ತ ಟ್ಯಾಕ್ಸ್ ಕಟ್ಟಿದ್ರು. ಉಳದದ್ದು ಓಡಾಟಕ್ಕೂ ಸಾಲಲಿಲ್ಲ ನೋಡ್ರಿ.

ಹುಣಸೂರು ರೋಡ್: ಹೋಗಿ ಬಂದೆ. ಓನರೂ ಬಂದಿದ್ರು. 2022ರ ಮಾರ್ಚ್‌ನ ಎಂಟ್ರಿ 51,240 ಕಿ.ಮೀ. ಆಮೇಲೆ ಅಲ್ಲಿಗೆ ಗಾಡಿ ಬಂದೇ ಇಲ್ಲ. ಕೇಳಿದ್ರೆ 'ಮೀಟರ್ ಬೋರ್ಡ್ ಕೆಟ್ಟಿತ್ತು, ಹೊರಗಡೆ ಬದಲಾಯಿಸಿದ್ವಿ' ಅಂದ್ರು. ಬಿಲ್ ಇಲ್ಲ. ದಾರೀಲೇ 4.75ಕ್ಕೆ ಇಳಿದ್ರು.

ಕುಡ್ಲದಾಯೆ: ಛೆ. ಹಾಗಾದ್ರೆ ನನ್ನ ಮಾತು ವಾಪಸ್. ಆದ್ರೂ ಇಂಜಿನ್‌ಗೆ ಲಕ್ಷ ಓಡಿದ್ರೂ ಏನಾಗುದಿಲ್ಲ, ಸವೆದು ಬದಲಾಯಿಸ್ಬೇಕಾದ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಇರುದು. ನಾಲ್ಕು ಹತ್ತಕ್ಕೆ ಕೊಟ್ರೆ ತಗೊಳ್ಳಬಹುದು.

ಗ್ಯಾರೇಜ್ ಮಾಮ: ಲಕ್ಷನೋ ಒಂದೂವರೆ ಲಕ್ಷನೋ ಯಾರಿಗೆ ಗೊತ್ತು? ತಗೊಂಡ್ರೆ ಕ್ಲಚ್, ಸಸ್ಪೆನ್ಷನ್, ಆ 2022ರ ಟೈರು ಎಲ್ಲಾ ನಿಮ್ಮ ಖರ್ಚಲ್ಲೇ ಅಂತ ಅಂದ್ಕೊಂಡೇ ಲೆಕ್ಕ ಹಾಕಿ. ನಾಳೆ ಮಾರೋಕೆ ಹೋದಾಗ ನಿಮ್ಮನ್ನೂ ಇದೇ ಪ್ರಶ್ನೆ ಕೇಳ್ತಾರೆ. ನಾನಾದ್ರೆ ಮೂರೂವರೆ ಮೇಲೆ ಬಾಯೇ ಬಿಡಲ್ಲ.

ಹುಣಸೂರು ರೋಡ್: ಮೂರು ಎಪ್ಪತ್ತೈದು ಅಂತ ಹೇಳಿ ಬಂದಿದೀನಿ. ಫೋನ್ ಬಂದಿಲ್ಲ. ಮನೇಲಿ ಈಗ ಆ ಬಣ್ಣ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತಿದಾರೆ.