ವಾರ್ಡ್ ಸಹಾಯಕಿಯಾಗಿದ್ದೇನೆ, ಮುಂದೆ ಬರಲು ಏನು ಕಲಿಯಲಿ?

ಪ್ರಶ್ನೆ: ಮೇಡಂ, ನಾನು ಮೆಡಿಕಲ್ ವಾರ್ಡಿನಲ್ಲಿ ಸಹಾಯಕಿ. ರೋಗಿಗಳ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಬಿಪಿ ನೋಡಿ ಚಾರ್ಟಿಗೆ ಬರೆಯುವುದು ನನ್ನ ಕೆಲಸ. ಕೆಲಸ ಬಿಟ್ಟು ಓದುವ ಸ್ಥಿತಿ ಇಲ್ಲ. ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ಗಳನ್ನು ಒಂದಾದ ಮೇಲೊಂದು ಮಾಡಿದರೆ ಪ್ರಯೋಜನವಿದೆಯೇ?

ಉತ್ತರ (ನರ್ಸಿಂಗ್ ತರಬೇತುದಾರರು): ಕೋರ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ರೋಗಿಯ ಪಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವವರು ನೀವು. ರೌಂಡ್ಸಿನಲ್ಲಿ ಡಾಕ್ಟರಿಗೆ ಕಾಣದ್ದು ಮೈ ಒರೆಸುವಾಗ ನಿಮಗೆ ಕಾಣುತ್ತದೆ. ಆ ಬದಲಾವಣೆಯನ್ನು ಗುರುತಿಸಿ ಸರಿಯಾಗಿ ತಿಳಿಸಲು ಬಂದರೆ ನೀವು ಅರ್ಧ ದಾರಿ ಬಂದಂತೆ.

ಉಸಿರಾಟದಿಂದ ಶುರುಮಾಡಿ. ಸುಮ್ಮನೆ ಮಲಗಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20. ಸ್ಥಿತಿ ಹದಗೆಡುವಾಗ ಎಷ್ಟೋ ಸಲ ಮೊದಲು ಏರುಪೇರಾಗುವುದು ಇದೇ. ಆದರೂ ಎಣಿಸದೆ 18 ಅಂತಲೋ 20 ಅಂತಲೋ ಬರೆದುಬಿಡುವ ಅಭ್ಯಾಸ ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ನಾಡಿ ನೋಡಿದ ಮೇಲೂ ಕೈ ಬಿಡದೆ ಎದೆಯ ಏರಿಳಿತ ಗಮನಿಸಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ.

ಮಗ್ಗುಲು ಬದಲಿಸುವಾಗ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಬೇಡಿ.

ಪ್ರಶ್ನೆ: ಏನಾದರೂ ಹೇಳಲು ಹೋದರೆ ಕೆಲವು ಸಿಸ್ಟರ್‌ಗಳು "ನಿನಗೇನು ಗೊತ್ತಾಗುತ್ತೆ" ಅಂತಾರೆ ಮೇಡಂ. ಆಮೇಲೆ ಬಾಯಿ ತೆರೆಯಲು ಧೈರ್ಯ ಬರುವುದಿಲ್ಲ.

ಉತ್ತರ: ಹಾಗೆ ಅನ್ನುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನೀವು ಹೇಳುವ ಕ್ರಮ ಮಾತ್ರ ಗಟ್ಟಿಯಾಗಿರಲಿ. "ಅಜ್ಜಿ ಯಾಕೋ ಸರಿ ಇಲ್ಲ" ಎಂದರೆ ಕೆಲಸದ ಗಡಿಬಿಡಿಯಲ್ಲಿ ಕಿವಿಗೆ ಬೀಳುವುದಿಲ್ಲ. ಎಸ್‌ಬಿಎಆರ್ ಎಂಬ ಪದ್ಧತಿ ಇದೆ, ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು. ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡದ್ದೇನು, ಈಗ ಏನಾಗಬೇಕು, ಇಷ್ಟೇ. "ಸಿಸ್ಟರ್, 7ನೇ ಬೆಡ್ಡಿನ ಅಜ್ಜಿಗೆ ಉಸಿರು ಜೋರಾಗಿದೆ. ನಿನ್ನೆ ನಿಮೋನಿಯಾಕ್ಕೆ ಅಡ್ಮಿಟ್ ಆದವರು. ಬೆಳಗ್ಗೆ 18 ಇತ್ತು, ಈಗ ಎಣಿಸಿದರೆ 28. ಕರೆದರೆ ಮೊದಲಿನಷ್ಟು ಚೆನ್ನಾಗಿ ಮಾತಾಡುತ್ತಿಲ್ಲ. ಈಗಲೇ ಬಂದು ನೋಡಬೇಕು." ಇದರಲ್ಲಿ ಕಾಯಿಲೆಯ ಬಗ್ಗೆ ನಿಮ್ಮ ಊಹೆ ಒಂದೂ ಇಲ್ಲ, ಕಂಡದ್ದು ಮತ್ತು ಎಣಿಸಿದ್ದು ಮಾತ್ರ. ಯಾರಿಗೆ, ಎಷ್ಟು ಹೊತ್ತಿಗೆ ತಿಳಿಸಿದಿರಿ ಎಂಬುದನ್ನು ನಿಮ್ಮ ವಾರ್ಡಿನ ಕ್ರಮದಂತೆ ಬರೆದಿಡಿ. ಅವರು ಬರದಿದ್ದರೆ ಸೀದಾ ಇನ್‌ಚಾರ್ಜ್ ಹತ್ತಿರ ಹೋಗಿ. ಅದು ಚಾಡಿ ಅಲ್ಲ.

ಪ್ರಶ್ನೆ: ಸರಿ ಮೇಡಂ, ಹೀಗೇ ಹೇಳುತ್ತೇನೆ. ಕೋರ್ಸಿನ ವಿಷಯ?

ಉತ್ತರ: ಓದಿ ತಿಳಿಯುವಂಥದ್ದಕ್ಕೆ ಆನ್‌ಲೈನ್ ಸಾಕು. ಕೈಯಿಂದ ಮಾಡಿ ಕಲಿಯುವಂಥದ್ದಕ್ಕೆ ಸಾಲದು. ಉದಾಹರಣೆಗೆ ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ: ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು ಎಂದು ಓದಿದವರು ಬೊಂಬೆಯ ಮೇಲೆ ಒತ್ತಿದಾಗಲೇ ಅದಕ್ಕೆ ಎಷ್ಟು ಬಲ ಬೇಕೆಂದು ಅರಿಯುವುದು. ಅದನ್ನು ಎದುರಿಗೇ ಕಲಿಯಿರಿ, ಆಗಾಗ ಮತ್ತೆ ಅಭ್ಯಾಸ ಮಾಡಿ.

ಒಂದು ಪುಸ್ತಕ ಇಟ್ಟುಕೊಳ್ಳಿ. ಯಾವ ಕೆಲಸ ಕಲಿತಿರಿ, ಯಾರ ಎದುರು ಮಾಡಿ ತೋರಿಸಿದಿರಿ ಎಂದು ಬರೆದು ಅವರ ಸಹಿ ಹಾಕಿಸಿ. ಸಂದರ್ಶನದಲ್ಲಿ ನಾನು ಮೊದಲು ಕೇಳುವುದು ಇದನ್ನೇ. ತರಬೇತಿ, ಅನುಮತಿ ಎರಡರಲ್ಲಿ ಒಂದಿಲ್ಲದಿದ್ದರೂ ಇಂಜೆಕ್ಷನ್ ಕೊಡಲು ಮಾತ್ರ, ಯಾರು ಹೇಳಿದರೂ, ಒಪ್ಪಬೇಡಿ. ರೋಗಿಗೂ ಅಪಾಯ, ನಿಮ್ಮ ಕೆಲಸಕ್ಕೂ ಕುತ್ತು.

ಮುಂದೆ ನರ್ಸಿಂಗ್, ಡಯಾಲಿಸಿಸ್ ಟೆಕ್ನಿಷಿಯನ್, ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ರಕ್ತ ಸಂಗ್ರಹಿಸುವ ಕೆಲಸ ಹೀಗೆ ದಾರಿಗಳಿವೆ. ಯಾವುದಕ್ಕೇ ಆಗಲಿ, ಹಣ ಕಟ್ಟುವ ಮೊದಲು ಕೋರ್ಸ್ ನಡೆಸುವವರಿಂದ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಆ ವೃತ್ತಿಯ ನೋಂದಣಿ ಮಂಡಳಿ ಈ ಕೋರ್ಸನ್ನು ಮಾನ್ಯ ಮಾಡುತ್ತದೆಯೇ, ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಅಭ್ಯಾಸವಿದೆ, ನಿಮ್ಮ ಈಗಿನ ಓದು ಪ್ರವೇಶಕ್ಕೆ ಸಾಕೇ. ಮೊದಲನೆಯದಕ್ಕೆ ಮಂಡಳಿಯಲ್ಲೂ ವಿಚಾರಿಸಿ. ಅವರು ಕೊಟ್ಟ ಉತ್ತರ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.